ಗ್ಲೈಡರ್ ಚಾಲಕರ ತಂಪು ಕನ್ನಡಕ

ಗ್ಲೈಡರ್ ಚಾಲಕರ ತಂಪು ಕನ್ನಡಕ ಎಂದರೆ ಎಂಜಿನ್ನಿನ ನೆರವಿಲ್ಲದೆ, ಮೇಲೇರುವ ಗಾಳಿಯನ್ನು ಆಧರಿಸಿ ಹಾರುವ ಗ್ಲೈಡರ್ ವಿಮಾನಗಳ ಚಾಲಕರು ಹಾರಾಟದ ವೇಳೆ ಧರಿಸುವ ಕನ್ನಡಕ. ಇದು ಎರಡು ಕೆಲಸಗಳನ್ನು ಮಾಡಬೇಕಾಗುತ್ತದೆ. ಮೊದಲನೆಯದು, ಪ್ರಖರ ಬೆಳಕು ಮತ್ತು ನೇರಳಾತೀತ ಕಿರಣಗಳಿಂದ ಕಣ್ಣನ್ನು ಕಾಪಾಡುವುದು. ಎರಡನೆಯದು, ಆಕಾಶದಲ್ಲಿರುವ ಇತರ ವಿಮಾನಗಳು, ಮೋಡಗಳು ಹಾಗೂ ಕಾಕ್‌ಪಿಟ್‌ನ ಉಪಕರಣಗಳು ಸ್ಪಷ್ಟವಾಗಿ ಕಾಣುವಂತೆ ಮಾಡುವುದು. ಒಂದು ಕೆಲಸಕ್ಕೆ ಒಪ್ಪುವ ಗುಣ ಕೆಲವೊಮ್ಮೆ ಇನ್ನೊಂದಕ್ಕೆ ತೊಡಕಾಗುವುದರಿಂದ, ರಸ್ತೆಯಲ್ಲಿಯೋ ಕಡಲತೀರದಲ್ಲಿಯೋ ಬಳಸುವ ಕನ್ನಡಕವೆಲ್ಲವೂ ಗ್ಲೈಡರ್ ಹಾರಾಟಕ್ಕೆ ಹೊಂದುವುದಿಲ್ಲ.

ಹಿನ್ನೆಲೆ

ವಿಮಾನ ಚಾಲಕರಿಗೆಂದೇ ತಂಪು ಕನ್ನಡಕಗಳನ್ನು ರೂಪಿಸುವ ಕೆಲಸ 1930ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆಯಿತು. ಬಾಷ್ ಅಂಡ್ ಲಾಂಬ್ ಸಂಸ್ಥೆಯು ಹಸಿರು ಛಾಯೆಯ ಗಾಜುಗಳುಳ್ಳ ಕನ್ನಡಕವನ್ನು ತಯಾರಿಸಿತು. ಅದೇ ಮುಂದೆ ರೇ-ಬ್ಯಾನ್ ಏವಿಯೇಟರ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಎಡ್ವಿನ್ ಲ್ಯಾಂಡ್ ರೂಪಿಸಿದ, ಬೆಳಕನ್ನು ಧ್ರುವೀಕರಿಸುವ ತೆಳುಹಾಳೆಯೂ ಅದೇ ದಶಕದಲ್ಲಿ ಕನ್ನಡಕಗಳಲ್ಲಿ ಬಳಕೆಗೆ ಬಂದಿತು.

ಹಾರಾಟದ ಸನ್ನಿವೇಶ

ಗ್ಲೈಡರ್ ಚಾಲಕನು ಅರೆ ಒರಗಿದ ಭಂಗಿಯಲ್ಲಿ, ಕ್ಯಾನೊಪಿ ಎಂಬ ಅಕ್ರಿಲಿಕ್ ಮುಚ್ಚಳದ ಕೆಳಗೆ ಕುಳಿತಿರುತ್ತಾನೆ. ತಲೆಯ ಮೇಲೆ ನೆರಳು ನೀಡುವ ಚಾವಣಿ ಇರುವುದಿಲ್ಲ. ದೂರದ ಹಾರಾಟಗಳು ಐದಾರು ಗಂಟೆಗಳಿಗೂ ಮೀರಿ ಸಾಗುವುದುಂಟು. ನೆಲದಿಂದ ಮೇಲೇಳುವ, ಥರ್ಮಲ್ ಎಂದು ಕರೆಯಲಾಗುವ ಬಿಸಿಗಾಳಿಯ ಕಂಬದೊಳಗೆ ಗ್ಲೈಡರ್ ಸುತ್ತು ಹಾಕುತ್ತ ಮೇಲೇರುತ್ತದೆ. ಪ್ರತಿ ಸುತ್ತಿನಲ್ಲೂ ಸೂರ್ಯನು ಒಮ್ಮೆ ಎದುರಿಗೆ, ಒಮ್ಮೆ ಬೆನ್ನಿಗೆ ಬರುತ್ತಾನೆ.

ಒಂದೇ ಥರ್ಮಲ್‌ನಲ್ಲಿ ಹಲವು ಗ್ಲೈಡರ್‌ಗಳು ಒಟ್ಟಿಗೆ ಸುತ್ತುವುದು ಸಾಮಾನ್ಯ. ಡಿಕ್ಕಿಯನ್ನು ತಪ್ಪಿಸುವ ಮುಖ್ಯ ಸಾಧನ ಚಾಲಕನ ಕಣ್ಣೇ. 2004ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಬಳಕೆಗೆ ಬಂದ ಫ್ಲಾರ್ಮ್ ಎಂಬ ಎಚ್ಚರಿಕೆ ಉಪಕರಣವು ಈ ಕಾರ್ಯದಲ್ಲಿ ನೆರವಾಗುತ್ತದೆಯಾದರೂ ಅದನ್ನು ಅಳವಡಿಸಿರದ ವಿಮಾನಗಳನ್ನು ಕಣ್ಣಿನಿಂದಲೇ ಗುರುತಿಸಬೇಕು. ಇಲ್ಲಿ ಇನ್ನೊಂದು ತೊಡಕಿದೆ. ಇಂದಿನ ಗ್ಲೈಡರ್‌ಗಳು ನಾರು ಮತ್ತು ರಾಳಗಳಿಂದ ತಯಾರಾಗುತ್ತವೆ. ಬಿಸಿಲಿನ ಶಾಖಕ್ಕೆ ರಾಳವು ಮೃದುವಾಗಬಾರದೆಂದು ಅವುಗಳಿಗೆ ಬಿಳಿ ಬಣ್ಣ ಬಳಿಯಲಾಗುತ್ತದೆ. ಬಿಳಿ ಮೋಡದ ಎದುರು ಬಿಳಿ ವಿಮಾನವನ್ನು ಕಾಣುವುದು ಕಷ್ಟ. ಮೇಲಾಗಿ, ದೃಷ್ಟಿ ನೆಡಲು ಯಾವ ಗುರುತೂ ಇಲ್ಲದ ಬರಿಯ ಆಕಾಶವನ್ನು ನೋಡುವಾಗ ಕಣ್ಣು ತಾನಾಗಿಯೇ ಒಂದೆರಡು ಮೀಟರ್ ದೂರಕ್ಕೆ ಹೊಂದಿಕೊಂಡುಬಿಡುತ್ತದೆ. ಆದುದರಿಂದ ಕನ್ನಡಕವು ಬೆಳಕನ್ನು ತಗ್ಗಿಸಿದರೆ ಸಾಲದು, ಕಾಣುವ ಶಕ್ತಿಯನ್ನು ಕುಂದಿಸಲೂಬಾರದು.

ನೇರಳಾತೀತ ಕಿರಣಗಳಿಂದ ರಕ್ಷಣೆ

ಎತ್ತರವು ಪ್ರತಿ 1000 ಮೀಟರ್ ಹೆಚ್ಚಿದಂತೆ ನೇರಳಾತೀತ ಕಿರಣಗಳ ಪ್ರಮಾಣವು ಸುಮಾರು ಶೇಕಡ 10ರಷ್ಟು ಹೆಚ್ಚುತ್ತದೆ. ಹೊಸದಾಗಿ ಬಿದ್ದ ಹಿಮವು ತನ್ನ ಮೇಲೆ ಬೀಳುವ ಈ ಕಿರಣಗಳಲ್ಲಿ ಶೇಕಡ 80ರವರೆಗೂ ಪ್ರತಿಫಲಿಸಬಲ್ಲದು. ಹೀಗಾಗಿ ಆಲ್ಪ್ಸ್ ಮುಂತಾದ ಹಿಮಪರ್ವತಗಳ ಮೇಲೆ ಹಾರುವವರಿಗೆ ಮೇಲಿನಿಂದಷ್ಟೇ ಅಲ್ಲದೆ ಕೆಳಗಿನಿಂದಲೂ ಕಿರಣಗಳು ತಾಗುತ್ತವೆ. ದೀರ್ಘಕಾಲ ಇವುಗಳಿಗೆ ಒಡ್ಡಿಕೊಂಡರೆ ಕಣ್ಣಿನ ಪೊರೆ ಬೆಳೆಯುವ ಸಾಧ್ಯತೆ ಹೆಚ್ಚುತ್ತದೆ. ಕ್ಯಾನೊಪಿಯು ಈ ಕಿರಣಗಳನ್ನು ಸ್ವಲ್ಪಮಟ್ಟಿಗೆ ತಡೆದರೂ ಅದನ್ನೇ ಪೂರ್ಣ ರಕ್ಷಣೆಯೆಂದು ನಂಬಲಾಗದು.

ಗಾಜಿನ ಕಪ್ಪಿಗೂ ನೇರಳಾತೀತ ಕಿರಣಗಳನ್ನು ತಡೆಯುವ ಗುಣಕ್ಕೂ ಸಂಬಂಧವಿಲ್ಲ. ರಕ್ಷಣೆಯಿಲ್ಲದ ಕಪ್ಪು ಕನ್ನಡಕವು ಕನ್ನಡಕವೇ ಇಲ್ಲದ ಸ್ಥಿತಿಗಿಂತ ಹೆಚ್ಚು ಹಾನಿ ಮಾಡಬಹುದು. ಏಕೆಂದರೆ ಮಂದ ಬೆಳಕಿನಲ್ಲಿ ಕಣ್ಣಿನ ಪಾಪೆ ಹಿಗ್ಗಿ ಹೆಚ್ಚು ಕಿರಣಗಳನ್ನು ಒಳಬಿಡುತ್ತದೆ. 400 ನ್ಯಾನೊಮೀಟರ್‌ವರೆಗಿನ ಕಿರಣಗಳನ್ನು ತಡೆಯುತ್ತದೆಂಬ ಗುರುತು ಇರುವ ಮಸೂರಗಳನ್ನು ಆರಿಸುವುದು ಮೊದಲ ನಿಯಮ.

ಗಾಢತೆ

ಐಎಸ್ಒ 12312-1 ಮಾನಕವು ತಂಪು ಕನ್ನಡಕಗಳನ್ನು 0ಯಿಂದ 4ರವರೆಗೆ ಐದು ವರ್ಗಗಳಾಗಿ ವಿಂಗಡಿಸುತ್ತದೆ. ಎರಡನೆಯ ವರ್ಗದ ಮಸೂರವು ಬೆಳಕಿನ ಶೇಕಡ 18ರಿಂದ 43ರಷ್ಟನ್ನೂ, ಮೂರನೆಯದು 8ರಿಂದ 18ರಷ್ಟನ್ನೂ, ನಾಲ್ಕನೆಯದು 3ರಿಂದ 8ರಷ್ಟನ್ನೂ ಒಳಬಿಡುತ್ತದೆ. ನಾಲ್ಕನೆಯ ವರ್ಗವು ವಾಹನ ಚಾಲನೆಗೆ ಯೋಗ್ಯವಲ್ಲ. ಅಮೆರಿಕದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ ವಿಮಾನ ಚಾಲಕರಿಗೆ ಶೇಕಡ 15ರಿಂದ 30ರಷ್ಟು ಬೆಳಕನ್ನು ಒಳಬಿಡುವ ಮಸೂರಗಳನ್ನು ಸೂಚಿಸುತ್ತದೆ. ಇದಕ್ಕಿಂತ ಗಾಢವಾದ ಮಸೂರದಿಂದ ದೃಷ್ಟಿಯ ಸೂಕ್ಷ್ಮತೆ ಕುಗ್ಗಬಹುದು. ಮೋಡದ ನೆರಳಿನಡಿಗೆ ಹೋದಾಗ ಮತ್ತು ಸಂಜೆ ಇಳಿಯುವಾಗ ಇದು ಅಪಾಯಕಾರಿ. ಎಂಜಿನ್ ಇಲ್ಲದ ಗ್ಲೈಡರ್‌ಗೆ ಇಳಿಯಲು ಇರುವುದು ಒಂದೇ ಅವಕಾಶ.

ಮಸೂರದ ಬಣ್ಣ

ಬೂದು ಬಣ್ಣದ ಮಸೂರವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮವಾಗಿ ತಗ್ಗಿಸುವುದರಿಂದ ಬಣ್ಣಗಳು ಸಹಜವಾಗಿ ಕಾಣುತ್ತವೆ. ಕಂದು ಬಣ್ಣದ ಮಸೂರವು ನೀಲಿ ಬೆಳಕನ್ನು ಹೆಚ್ಚಾಗಿ ತಡೆಯುತ್ತದೆ. ವಾತಾವರಣದಲ್ಲಿ ಚದುರುವ ಬೆಳಕಿನಲ್ಲಿ ನೀಲಿಯ ಪಾಲು ಹೆಚ್ಚಾದ್ದರಿಂದ, ಅದನ್ನು ತಗ್ಗಿಸಿದಾಗ ದೂರದ ಮಬ್ಬು ತಿಳಿಯಾದಂತೆ ತೋರುತ್ತದೆ. ಥರ್ಮಲ್‌ನ ತುದಿಯಲ್ಲಿ ಆಗತಾನೆ ಮೂಡುವ ಎಳೆಮೋಡವೂ ಅದರ ಅಂಚೂ ಎದ್ದು ಕಾಣುತ್ತವೆ. ಮುಂದಿನ ಏರುಗಾಳಿ ಎಲ್ಲಿದೆಯೆಂದು ಮೋಡವನ್ನು ನೋಡಿಯೇ ತಿಳಿಯಬೇಕಾದ ಗ್ಲೈಡರ್ ಚಾಲಕರಲ್ಲಿ ಅನೇಕರು ಈ ಕಾರಣಕ್ಕೆ ಕಂದು ಬಣ್ಣವನ್ನು ಮೆಚ್ಚುತ್ತಾರೆ. ಆದರೆ ಗಾಢ ಹಳದಿ ಅಥವಾ ಕಿತ್ತಳೆ ಮಸೂರಗಳು ಬಣ್ಣಗಳನ್ನು ಬದಲಿಸಿ ತೋರಿಸುವುದರಿಂದ ನಕಾಶೆಯ ಗೆರೆಗಳನ್ನೂ ಎಚ್ಚರಿಕೆಯ ದೀಪಗಳನ್ನೂ ಗುರುತಿಸುವಲ್ಲಿ ತಪ್ಪಾಗಬಹುದು.

ಧ್ರುವೀಕೃತ ಮಸೂರಗಳು

ನೀರು, ರಸ್ತೆ ಮುಂತಾದ ಮೇಲ್ಮೈಗಳಿಂದ ಚಿಮ್ಮುವ ಝಳಪನ್ನು ಧ್ರುವೀಕೃತ ಮಸೂರಗಳು ತಡೆಯುತ್ತವೆ. ಇವು ಆಕಾಶವನ್ನು ಕಪ್ಪಾಗಿಸಿ ಮೋಡಗಳನ್ನು ಎದ್ದುಕಾಣಿಸುವುದರಿಂದ ಕೆಲವು ಚಾಲಕರು ಇವನ್ನು ಬಳಸುವುದೂ ಉಂಟು. ಆದರೂ ವಿಮಾನಯಾನದಲ್ಲಿ ಇವನ್ನು ಸಾಮಾನ್ಯವಾಗಿ ಶಿಫಾರಸು ಮಾಡುವುದಿಲ್ಲ. ಅದಕ್ಕೆ ಕಾರಣಗಳು ಇಂತಿವೆ:

ಮೊದಲನೆಯದಾಗಿ, ದ್ರವಸ್ಫಟಿಕ ಪರದೆಗಳಿಂದ ಹೊರಡುವ ಬೆಳಕು ಮೊದಲೇ ಧ್ರುವೀಕೃತವಾಗಿರುತ್ತದೆ. ತಲೆಯನ್ನು ಒಂದು ಕೋನಕ್ಕೆ ವಾಲಿಸಿದಾಗ ಪರದೆ ಪೂರ್ತಿ ಕಪ್ಪಾಗಿ ಕಾಣಬಹುದು.

ಎರಡನೆಯದಾಗಿ, ಅಕ್ರಿಲಿಕ್ ಕ್ಯಾನೊಪಿಯೊಳಗಿನ ಬಿಗಿತವು ಬಣ್ಣಬಣ್ಣದ ಪಟ್ಟೆಗಳಾಗಿ ಗೋಚರಿಸಿ ನೋಟವನ್ನು ಕದಡುತ್ತದೆ.

ಮೂರನೆಯದಾಗಿ, ಇನ್ನೊಂದು ವಿಮಾನದ ರೆಕ್ಕೆಯಿಂದ ಫಳಕ್ಕನೆ ಹೊಳೆಯುವ ಬೆಳಕೇ ಎಷ್ಟೋ ವೇಳೆ ಅದರ ಇರುವಿಕೆಯ ಮೊದಲ ಸುಳಿವು. ಧ್ರುವೀಕೃತ ಮಸೂರವು ಆ ಹೊಳಪನ್ನೇ ಅಳಿಸಿಹಾಕಬಹುದು.

ಬಿಸಿಲಿಗೆ ಕಪ್ಪಾಗುವ ಮಸೂರಗಳು

ಇವು ನೇರಳಾತೀತ ಕಿರಣಗಳು ತಾಗಿದಾಗ ಕಪ್ಪಾಗುತ್ತವೆ. ಕ್ಯಾನೊಪಿಯು ಆ ಕಿರಣಗಳನ್ನು ತಗ್ಗಿಸುವುದರಿಂದ ಕಾಕ್‌ಪಿಟ್‌ನಲ್ಲಿ ಸಾಕಷ್ಟು ಕಪ್ಪಾಗದೆ ಇರಬಹುದು. ಕಪ್ಪಾದ ಮೇಲೆ ಮತ್ತೆ ತಿಳಿಯಾಗಲು ಹಲವು ನಿಮಿಷಗಳು ಬೇಕಾಗುತ್ತವೆ.

ಚೌಕಟ್ಟು ಮತ್ತು ದೃಷ್ಟಿದೋಷ

ಅಗಲವಾದ ಕಡ್ಡಿಗಳು ಪಕ್ಕದ ನೋಟವನ್ನು ಮರೆಮಾಡುತ್ತವೆ. ಆದುದರಿಂದ ತೆಳುವಾದ ಕಡ್ಡಿಗಳುಳ್ಳ ಹಗುರವಾದ ಚೌಕಟ್ಟು ಉತ್ತಮ. ಕನ್ನಡಕವು ಟೋಪಿ ಮತ್ತು ಆಮ್ಲಜನಕದ ನಳಿಕೆಯೊಡನೆ ತೊಡಕಿಲ್ಲದೆ ಹೊಂದಬೇಕು. ಪಾಲಿಕಾರ್ಬೊನೇಟ್ ಮಸೂರಗಳು ಸುಲಭವಾಗಿ ಒಡೆಯುವುದಿಲ್ಲ, ಆದರೆ ಬೇಗ ಗೀರು ಬೀಳುತ್ತವೆ.

ಚಾಳೀಸು ಬಂದವರಿಗೆ ದೂರದ ಆಕಾಶ ಮತ್ತು ಎದುರಿನ ಉಪಕರಣ ಫಲಕ ಎರಡೂ ಕಾಣುವಂತೆ ಎರಡು ಶಕ್ತಿಯ ಮಸೂರಗಳು ಬೇಕಾಗುತ್ತವೆ. ಮೇಲೆ ಗಾಢವಾಗಿ ಕೆಳಗೆ ತಿಳಿಯಾಗಿರುವ ಮಸೂರವು ನೆರಳಿನಲ್ಲಿರುವ ಫಲಕವನ್ನು ಓದಲು ನೆರವಾಗುತ್ತದೆ. ಯುರೋಪಿನ ನಿಯಮಗಳಂತೆ, ದೃಷ್ಟಿದೋಷಕ್ಕೆ ಕನ್ನಡಕ ಧರಿಸಲೇಬೇಕಾದ ಚಾಲಕರು ಹಾರಾಟದಲ್ಲಿ ಇನ್ನೊಂದು ಜೊತೆಯನ್ನೂ ಇಟ್ಟುಕೊಂಡಿರಬೇಕು.

ಆಯ್ಕೆಯ ವಿಧಾನ

ಅಂಗಡಿಯ ಬೆಳಕಿನಲ್ಲಿ ನೋಡಿದಷ್ಟರಿಂದ ಕನ್ನಡಕದ ಯೋಗ್ಯತೆ ತಿಳಿಯುವುದಿಲ್ಲ. ನೆಲದ ಮೇಲೆ ನಿಂತಿರುವ ಗ್ಲೈಡರ್‌ನಲ್ಲಿ ಕುಳಿತು, ಕ್ಯಾನೊಪಿಯನ್ನು ಮುಚ್ಚಿ, ಉಪಕರಣಗಳನ್ನು ಚಾಲೂ ಮಾಡಿ, ತಲೆಯನ್ನು ಎರಡೂ ಬದಿಗೆ ವಾಲಿಸುತ್ತ ಪ್ರತಿಯೊಂದು ಪರದೆಯನ್ನೂ ಓದಿ ನೋಡಬೇಕು. ಬಳಿಕ ಕ್ಯಾನೊಪಿಯ ಮೂಲಕ ಆಕಾಶವನ್ನೂ ಮೋಡದ ಅಂಚುಗಳನ್ನೂ ಗಮನಿಸಬೇಕು. ಈ ಪರೀಕ್ಷೆಯಲ್ಲಿ ಯಾವುದೇ ಪರದೆ ಮರೆಯಾದರೆ ಅಂತಹ ಕನ್ನಡಕವನ್ನು ಹಾರಾಟಕ್ಕೆ ಬಳಸಬಾರದು.