ನಿಮಗಿದು ಗೊತ್ತೆ? ಪಾಚಿ ತಿನ್ನುವ ಜೀವಿಗಳ ಆಯ್ಕೆ
ಅಕ್ವೇರಿಯಂ ಗಾಜಿಗೆ ಹತ್ತಿದ ಪಾಚಿ ತಿನ್ನಲೆಂದು ಹಲವರು ಬೆರಳುದ್ದದ ಸಕ್ಕರ್ ಮೀನು ತರುತ್ತಾರೆ. ದಕ್ಷಿಣ ಅಮೆರಿಕ ಮೂಲದ ಈ ಮೀನು 40 ಸೆಂ.ಮೀ.ವರೆಗೂ ಬೆಳೆಯಬಲ್ಲದು, ಚಿಕ್ಕ ತೊಟ್ಟಿ ಅದಕ್ಕೆ ಸಾಲದು. ಹಾಗೆಂದು ಕೆರೆಗೆ ಬಿಡಲೇಬಾರದು. ಭಾರತದ ಹಲವು ಕೆರೆ-ನದಿಗಳಲ್ಲಿ ಅದು ಈಗಾಗಲೇ ನೆಲೆಯೂರಿ ಸ್ಥಳೀಯ ಮೀನುಗಳಿಗೆ ಕಂಟಕವಾಗಿದೆ.

ಮನೆಯ ತೊಟ್ಟಿಗೆ ಸುಮಾರು 4 ಸೆಂ.ಮೀ. ಉದ್ದದ ಒಟೊಸಿಂಕ್ಲಸ್ ಮೀನು ಒಳ್ಳೆಯದು. ಗುಂಪಿನಲ್ಲಿ ಬದುಕುವ ಇವನ್ನು ಐದಾರಾದರೂ ಒಟ್ಟಿಗೆ ಸಾಕಬೇಕು. ಎಳೆಎಳೆಯಾಗಿ ಬೆಳೆಯುವ ಪಾಚಿಗೆ ಅಮಾನೊ ಸಿಗಡಿ ಸೂಕ್ತ. ಜಪಾನಿನ ತಕಾಶಿ ಅಮಾನೊ ಜನಪ್ರಿಯಗೊಳಿಸಿದ ಈ ಸಿಗಡಿಯ ಮರಿಗಳಿಗೆ ಉಪ್ಪು ಬೆರೆತ ನೀರು ಬೇಕು. ಹಾಗಾಗಿ ಸಿಹಿನೀರಿನ ತೊಟ್ಟಿಯಲ್ಲಿ ಅವುಗಳ ಸಂಖ್ಯೆ ಹೆಚ್ಚುವುದಿಲ್ಲ.

ಯಾವುದನ್ನೇ ತಂದರೂ ಬೆಳಕು ಮತ್ತು ಮೀನಿನ ಆಹಾರ ಮಿತಿಯಲ್ಲಿರಲಿ. ಇವೆರಡೂ ಅತಿಯಾದರೆ ಪಾಚಿ ಮತ್ತೆ ಹಬ್ಬುತ್ತದೆ.