ಹಿಂದಿನ ಕೋಣೆ ಸ್ಟುಡಿಯೋ, ಮುಂದಿನ ಕೋಣೆ ಪಾಠಶಾಲೆ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಅಷ್ಟೇ ಅಲ್ಲ, ಮೈಸೂರು, ಹುಬ್ಬಳ್ಳಿಗಳಲ್ಲೂ ಈಗ ಹಾಡು ತಯಾರಾಗುವುದು ಎರಡನೇ ಮಹಡಿಯ ಬಾಡಿಗೆ ಮನೆಗಳಲ್ಲಿ. ಹೊರಗೆ ಬೋರ್ಡು ಇರುವುದಿಲ್ಲ, ಇದ್ದರೂ ‘ಸಂಗೀತ ತರಗತಿ’ ಎಂದಷ್ಟೇ. ಒಳಗೆ ಒಂದು ಕಂಪ್ಯೂಟರ್, ಅಂಗೈಯಗಲದ ಆಡಿಯೋ ಇಂಟರ್‌ಫೇಸ್, ಒಳ್ಳೆಯದೊಂದು ಮೈಕು, ಕೀಬೋರ್ಡು, ಗೋಡೆಗೆ ಬಟ್ಟೆ ಹೊದಿಸಿದ ದಪ್ಪ ಹಲಗೆಗಳು. ಈ ಮನೆಯ ಮ್ಯೂಸಿಕ್ ಪ್ರೊಡ್ಯೂಸರ್ ಬೆಳಗ್ಗೆ ಪ್ರೋಗ್ರಾಮಿಂಗ್‌ಗೆ ಕೂರುತ್ತಾರೆ, ಸಂಜೆ ಪಾಠ ಹೇಳುತ್ತಾರೆ, ರಾತ್ರಿ ಹತ್ತರ ಮೇಲೆ, ಆಟೋ ಸದ್ದು ಅಡಗಿದಾಗ, ಫ್ಯಾನು ಆರಿಸಿ ಧ್ವನಿ ರೆಕಾರ್ಡ್ ಮಾಡುತ್ತಾರೆ.

ಕನ್ನಡ ಸಿನಿಮಾ ಹಾಡುಗಳೆಲ್ಲ ಮದರಾಸಿನಲ್ಲೇ ರೆಕಾರ್ಡ್ ಆಗಬೇಕಿದ್ದ ಕಾಲವೊಂದಿತ್ತು. ಶಂಕರ್‌ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದು ದೊಡ್ಡ ಸುದ್ದಿಯಾದದ್ದು ಅದಕ್ಕೇ. 1983ರಲ್ಲಿ ಬಂದ ‘ಮಿಡಿ’ ವ್ಯವಸ್ಥೆ ಕೀಬೋರ್ಡನ್ನೂ ಕಂಪ್ಯೂಟರನ್ನೂ ಬೆಸೆದು, ಈ ಕೆಲಸ ಮನೆಯೊಳಗೆ ಬರಲು ದಾರಿ ಮಾಡಿತು. ಎ.ಆರ್. ರೆಹಮಾನ್ ಚೆನ್ನೈನ ತಮ್ಮ ಮನೆಯ ಹಿತ್ತಲಿನ ಸ್ಟುಡಿಯೋದಲ್ಲಿ ಕೂತು 1992ರ ‘ರೋಜಾ’ ಮಾಡಿದರು, 2008ರಲ್ಲಿ ಕೆ.ಎಂ. ಮ್ಯೂಸಿಕ್ ಕನ್ಸರ್ವೇಟರಿ ಎಂಬ ಶಾಲೆಯನ್ನೂ ತೆರೆದರು. ಮೊದಲು ಸ್ಟುಡಿಯೋ, ಆಮೇಲೆ ಶಾಲೆ. ಅವರದು ಅರಮನೆ, ಈ ಬಾಡಿಗೆ ಮನೆಯವರದು ವಠಾರ. ದಾರಿ ಮಾತ್ರ ಅದೇ.

ಗಿರಾಕಿಗಳು ಯಾರು? ಸಿನಿಮಾದವರು ಅಪರೂಪ. ಭಜನಾ ಮಂಡಳಿಯವರು, ಊರ ಜಾತ್ರೆಗೆ ದೇವರ ಹಾಡು ಬೇಕಾದವರು, ಶಾಲಾ ವಾರ್ಷಿಕೋತ್ಸವಕ್ಕೆ ಟ್ರ್ಯಾಕ್ ಕೇಳುವ ಟೀಚರು, ಕಿರುಚಿತ್ರಕ್ಕೆ ಬಿಜಿಎಂ ಬೇಕೆನ್ನುವ ಹುಡುಗರು, ನಿವೃತ್ತಿಯಾದ ಮೇಲೆ ಭಾವಗೀತೆಯ ಆಸೆ ತೀರಿಸಿಕೊಳ್ಳಲು ಬರುವವರು. ಈ ಕೊನೆಯವರ ಜೊತೆ ಕೆಲಸ ಮಾಡುವುದೇ ಒಂದು ವಿದ್ಯೆ. “ನಿಮ್ಮ ಶ್ರುತಿ ಎಷ್ಟಮ್ಮಾ?” ಎಂದರೆ ಕರ್ನಾಟಕ ಸಂಗೀತ ಕಲಿತವರು “ಐದೂವರೆ” ಎನ್ನುತ್ತಾರೆ, ಧಾರವಾಡದ ಕಡೆಯವರು ಹಾರ್ಮೋನಿಯಂನ ಕರಿ, ಬಿಳಿ ಮನೆಗಳ ಲೆಕ್ಕ ಹೇಳುತ್ತಾರೆ, ಕಲಿಯದವರು ಸುಮ್ಮನೆ ನಗುತ್ತಾರೆ. ಆಗ ಪಲ್ಲವಿ ಬಿಟ್ಟು ಚರಣದ ಮೇಲಿನ ಸಾಲನ್ನು ಮೊದಲು ಹಾಡಿಸಿ ನೋಡಬೇಕು. ಗಂಟಲು ಕಟ್ಟುವುದು ಅಲ್ಲಿಯೇ. ಹೆಡ್‌ಫೋನ್ ಹಾಕಿದೊಡನೆ ಅವರಿಗೆ ತಮ್ಮ ದನಿ ಅಪರಿಚಿತವಾಗಿ ಕೇಳಿಸಿ ಶ್ರುತಿ ಜಾರುತ್ತದೆ. ಒಂದು ಕಿವಿಯದನ್ನು ಹಿಂದಕ್ಕೆ ಸರಿಸಿ ಎಂದರೆ ಸರಿಹೋಗುತ್ತದೆ, ಆದರೆ ಹಾಗೆ ಸರಿಸಿದ ಕಡೆಯಿಂದ ತಾಳದ ಕ್ಲಿಕ್ ಸೋರಿ ಮೈಕಿನೊಳಗೆ ಹೋಗುತ್ತದೆ. ಆ ಕಡೆಯ ವಾಲ್ಯೂಮನ್ನು ಪೂರ್ತಿ ಇಳಿಸಬೇಕೆಂಬುದು ಯಾವ ಸಾಫ್ಟ್‌ವೇರೂ ಕಲಿಸದ ಪಾಠ.

ತಪ್ಪಿದ ಸ್ವರವನ್ನು ತಿದ್ದುವ ಆಟೋ-ಟ್ಯೂನ್ ಬಂದದ್ದು 1997ರಲ್ಲಿ. ಅದನ್ನು ರೂಪಿಸಿದ ಆ್ಯಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮೊದಲು ತೈಲ ನಿಕ್ಷೇಪ ಹುಡುಕಲು ನೆಲದಡಿಯ ಕಂಪನಗಳನ್ನು ವಿಶ್ಲೇಷಿಸುತ್ತಿದ್ದವರು. ಪಾಶ್ಚಾತ್ಯ ಹಾಡಿಗೆ ಒಗ್ಗುವ ಈ ಉಪಕರಣವನ್ನು ನಮ್ಮ ಹಾಡಿನ ಮೇಲೆ ಬಿಗಿಯಾಗಿ ಬಿಟ್ಟರೆ ಗಮಕಗಳೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿಹೋಗುತ್ತವೆ. ತೋಡಿ ರಾಗದ ಗಾಂಧಾರ ಅದಕ್ಕೆ ತಪ್ಪಾಗಿಯೇ ಕಾಣುತ್ತದೆ. ಎಲ್ಲಿ ತಿದ್ದಬಾರದು ಎಂದು ಬಲ್ಲವರೇ ಈ ಕಸುಬಿನಲ್ಲಿ ಬೆಲೆಯುಳ್ಳವರು ಎಂಬುದು ನನ್ನ ಎಣಿಕೆ.

ಕಷ್ಟ ಇರುವುದು ಲೆಕ್ಕದಲ್ಲಿ. ಹಾಡಿಗಿಷ್ಟು ಎಂದು ಗುತ್ತಿಗೆ ಹಿಡಿದರೆ “ಅಣ್ಣಾ, ಒಂಚೂರು ಕೊಳಲು ಜಾಸ್ತಿ ಮಾಡಿ” ಎಂಬ ವಾಟ್ಸ್ಆ್ಯಪ್ ಸಂದೇಶ ತಿಂಗಳಾದರೂ ನಿಲ್ಲುವುದಿಲ್ಲ. ಪಳಗಿದವರು ಅರ್ಧ ಹಣ ಅಡ್ವಾನ್ಸ್ ಪಡೆದು, ಎರಡು ಸಲದ ಬದಲಾವಣೆ ಮಾತ್ರ ಪುಕ್ಕಟೆ ಎಂದು ಮೊದಲೇ ಬರೆದುಕೊಡುತ್ತಾರೆ. ಹಾಗಿದ್ದೂ ಆಷಾಢದಲ್ಲಿ ಕೋಣೆ ಖಾಲಿ, ಗಣೇಶನ ಹಬ್ಬಕ್ಕೆ ಮುಂಚೆ ನಿದ್ದೆಯಿಲ್ಲ. ಮನೆ ಬಾಡಿಗೆ ಕಟ್ಟುವುದು ಪಾಠದ ಫೀಸು.

ಹಕ್ಕುಸ್ವಾಮ್ಯದ್ದಂತೂ ಬಹುಪಾಲು ಜನ ಕಣ್ಣುಮುಚ್ಚಿ ದಾಟುವ ಹಳ್ಳ. ಹಳೆಯ ಭಾವಗೀತೆ ಹಾಡಿ ಯೂಟ್ಯೂಬಿಗೆ ಏರಿಸಲು ಬರುವವರು “ಅದು ಎಲ್ಲರದೂ ತಾನೇ?” ಎನ್ನುತ್ತಾರೆ. ಅಲ್ಲ. ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳಿಗೆ 2041ರವರೆಗೆ, ಕುವೆಂಪು ಅವರವಕ್ಕೆ 2054ರವರೆಗೆ. ಧಾಟಿಯ ಲೆಕ್ಕ ಬೇರೆ: ಸಿ. ಅಶ್ವತ್ಥ್ ತೀರಿಕೊಂಡದ್ದು 2009ರಲ್ಲಿ, ಅವರ ಸಂಯೋಜನೆಗಳಿಗೆ 2069ರವರೆಗೆ. ಪುರಂದರದಾಸರ ಪದಕ್ಕೆ ಯಾರ ಅಪ್ಪಣೆಯೂ ಬೇಡ, ಆದರೆ ಅದನ್ನು ಹಾಡಿಸಿದ ಕ್ಯಾಸೆಟ್ ಕಂಪನಿಯ ಮುದ್ರಿಕೆಯಿಂದ ಕೊಳಲಿನ ತುಣುಕು ಎತ್ತಿಕೊಂಡರೆ ಬೇಕು. ಸ್ವಂತ ಹಾಡು ಮಾಡುವವರಿಗೆ, ಬರೆದವರು ಯಾರು, ಧಾಟಿ ಯಾರದು, ಯಾರ ಪಾಲೆಷ್ಟು ಎಂದು ರೆಕಾರ್ಡಿಂಗ್ ದಿನವೇ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸುವುದು ಜಾಣತನ. ಸಾಹಿತಿ, ಸಂಯೋಜಕರ ಪರವಾಗಿ ರಾಯಧನ ವಸೂಲು ಮಾಡುವ ಐಪಿಆರ್‌ಎಸ್ ಸಂಸ್ಥೆ 1969ರಿಂದ ಇದೆ. ಸಿನಿಮಾ ಹಾಡಿನವರಿಗೆ ಬರಬೇಕಾದ ರಾಯಧನವನ್ನು ಬರೆಸಿಕೊಂಡು ಕಸಿಯಲಾಗದಂತೆ ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಮಾಡಿದೆ.

ಇನ್ನು ಪಾಠ. ಯಾವ ಬಟನ್ ಎಲ್ಲಿದೆ ಎಂದು ತೋರಿಸುವವರಿಗೆ ಯೂಟ್ಯೂಬೇ ಪ್ರತಿಸ್ಪರ್ಧಿ. ಅಲ್ಲಿ ಗೆಲ್ಲುವುದು ಆಗದ ಮಾತು. ಒಳ್ಳೆಯ ಮೇಷ್ಟರು ಮೊದಲ ತಿಂಗಳು ಸಾಫ್ಟ್‌ವೇರ್ ತೆರೆಯುವುದೇ ಇಲ್ಲ. ಒಂದು ಹಳೆಯ ಹಾಡನ್ನು ಹಾಕಿ, ಕಣ್ಣು ಮುಚ್ಚಿಸಿ, ತಬಲಾ ಯಾವ ಕಿವಿಯಲ್ಲಿದೆ, ವೀಣೆ ಎಷ್ಟು ದೂರದಲ್ಲಿದೆ, ಎರಡನೇ ಚರಣದಲ್ಲಿ ಹೊಸದಾಗಿ ಏನು ಸೇರಿತು ಎಂದು ಬರೆಸುತ್ತಾರೆ. ಸ್ಟುಡಿಯೋದಲ್ಲಿ ಗಿರಾಕಿಯ ಕೆಲಸ ನಡೆಯುವಾಗ ಮೂಲೆಯಲ್ಲಿ ಕೂರಿಸುತ್ತಾರೆ, ಕೇಬಲ್ ಸುತ್ತಲು ಕಲಿಸುತ್ತಾರೆ. ನ್ಯೂಜೆರ್ಸಿಯಲ್ಲಿರುವ ಕನ್ನಡದ ಮಕ್ಕಳಿಗೆ ಪಾಠ ಆನ್‌ಲೈನಿನಲ್ಲಿ. ಸದ್ದು ಅಲ್ಲಿಂದ ಇಲ್ಲಿಗೆ ತಲುಪುವಷ್ಟರಲ್ಲಿ ತಾಳ ಜಾರುವುದರಿಂದ ಒಟ್ಟಿಗೆ ಹಾಡಲಾಗದು. ಅವರು ಕ್ಲಿಕ್‌ಗೆ ಹಾಡಿ ಕಳಿಸುತ್ತಾರೆ, ಇವರು ಎಷ್ಟನೇ ಸೆಕೆಂಡಿನಲ್ಲಿ ಏನಾಯಿತೆಂದು ಗುರುತು ಹಾಕಿ ಹಿಂದಿರುಗಿಸುತ್ತಾರೆ.

“ಸರ್ಟಿಫಿಕೇಟ್ ಕೊಡ್ತೀರಾ ಸಾರ್?” ಎಂದು ತಂದೆತಾಯಿಯರು ಕೇಳಿಯೇ ಕೇಳುತ್ತಾರೆ. ಶಾಸ್ತ್ರೀಯ ಸಂಗೀತದ ಜೂನಿಯರ್, ಸೀನಿಯರ್, ವಿದ್ವತ್ತಿನಂಥ ಪರೀಕ್ಷೆ ಈ ವಿದ್ಯೆಗಿಲ್ಲ. ಕೆಲವರು ಬಣ್ಣದ ಕಾಗದ ಮುದ್ರಿಸಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಉಳಿದವರು ವರ್ಷದ ಕೊನೆಗೆ, ವಿದ್ಯಾರ್ಥಿ ತಾನೇ ಹಾಡುಗಾರರನ್ನು ಹುಡುಕಿ, ರೆಕಾರ್ಡ್ ಮಾಡಿ, ಮಿಕ್ಸ್ ಮುಗಿಸಿದ ಒಂದು ಹಾಡನ್ನು ಕೇಳುತ್ತಾರೆ, ಅದರ ಜೊತೆಗೆ ಪಾಲಿನ ಹಾಳೆಯನ್ನೂ, ಖರ್ಚಿನ ಚೀಟಿಯನ್ನೂ.