ಎಚ್. ಎಸ್. ದೊರೆಸ್ವಾಮಿ

ಹಾರೋಹಳ್ಳಿ ಶ್ರೀನಿವಾಸಯ್ಯ ದೊರೆಸ್ವಾಮಿ (ಏಪ್ರಿಲ್ 10, 1918 – ಮೇ 26, 2021) ಕರ್ನಾಟಕದ ಸ್ವಾತಂತ್ರ್ಯ ಹೋರಾಟಗಾರರು, ಪತ್ರಕರ್ತರು ಹಾಗೂ ಗಾಂಧಿವಾದಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರದ ಅಂಚೆ ವ್ಯವಹಾರವನ್ನು ಗುಪ್ತವಾಗಿ ಅಸ್ತವ್ಯಸ್ತಗೊಳಿಸಿದ ಇವರು, ಮುಂದೆ ‘ಪೌರವಾಣಿ’ ಪತ್ರಿಕೆಯ ಮೂಲಕ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಹೋರಾಡಿದರು.

ಆರಂಭಿಕ ಜೀವನ

ದೊರೆಸ್ವಾಮಿಯವರು ಬೆಂಗಳೂರಿನ ದಕ್ಷಿಣಕ್ಕಿರುವ ಹಾರೋಹಳ್ಳಿಯಲ್ಲಿ ಜನಿಸಿದರು. ಐದನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಅವರನ್ನು ಊರಿನ ಶ್ಯಾನುಭೋಗರಾಗಿದ್ದ ತಾತ ಶಾಮಣ್ಣನವರು ಬೆಳೆಸಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಪದವಿ ಪಡೆದು, 1942ರ ಜೂನ್‌ನಲ್ಲಿ ಪ್ರೌಢಶಾಲೆಯೊಂದರಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರಾದರು.

ಕ್ವಿಟ್ ಇಂಡಿಯಾ ಚಳವಳಿ

ಅದೇ ವರ್ಷದ ಆಗಸ್ಟ್‌ನಲ್ಲಿ ಚಳವಳಿ ಆರಂಭವಾಯಿತು. ದೊರೆಸ್ವಾಮಿ ಮತ್ತು ಸಂಗಡಿಗರು ಅಂಚೆಪೆಟ್ಟಿಗೆಗಳಲ್ಲಿಯೂ ಸರ್ಕಾರಿ ದಾಖಲೆ ಕೊಠಡಿಗಳಲ್ಲಿಯೂ ಸಣ್ಣ ಟೈಂಬಾಂಬುಗಳನ್ನು ಇರಿಸುತ್ತಿದ್ದರು. ಪ್ರಾಣಹಾನಿ ಅವರ ಉದ್ದೇಶವಾಗಿರಲಿಲ್ಲ. ಕಾಗದಪತ್ರಗಳನ್ನು ಸುಟ್ಟು ಆಡಳಿತದ ಸಂಪರ್ಕವನ್ನು ಕಡಿಯುವುದೇ ಗುರಿಯಾಗಿತ್ತು. ಬೆಂಗಳೂರಿನ ಗಿರಣಿ ಕಾರ್ಮಿಕರ ಮುಷ್ಕರವನ್ನು ಸಂಘಟಿಸುವಲ್ಲಿಯೂ ಅವರು ಪಾಲ್ಗೊಂಡರು. ಬಾಂಬುಗಳೊಡನೆ ಸಿಕ್ಕಿಬಿದ್ದ ಸಂಗಡಿಗರೊಬ್ಬರು ಅವರ ಹೆಸರನ್ನು ತಿಳಿಸಿದ್ದರಿಂದ ಡಿಸೆಂಬರ್‌ನಲ್ಲಿ ಬಂಧಿತರಾಗಿ 14 ತಿಂಗಳು ಸೆರೆವಾಸ ಅನುಭವಿಸಿದರು.

ಪೌರವಾಣಿ

ಬಿಡುಗಡೆಯ ನಂತರ ಮೈಸೂರಿನಲ್ಲಿ ‘ಸಾಹಿತ್ಯ ಮಂದಿರ’ ಎಂಬ ಪುಸ್ತಕದ ಅಂಗಡಿಯನ್ನು ತೆರೆದರು. 1947ರ ಆಗಸ್ಟ್‌ನಲ್ಲಿ ದೇಶ ಸ್ವತಂತ್ರವಾದರೂ ಮೈಸೂರು ಸಂಸ್ಥಾನದ ಆಡಳಿತ ಜನಪ್ರತಿನಿಧಿಗಳ ಕೈಸೇರಿರಲಿಲ್ಲ. ಇದನ್ನು ಪ್ರತಿಭಟಿಸಿ ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಆರಂಭವಾಯಿತು. ಚಳವಳಿಯನ್ನು ಬೆಂಬಲಿಸಿ ಬರೆಯುತ್ತಿದ್ದ ‘ಪೌರವಾಣಿ’ಯ ಮೇಲೆ ಸಂಸ್ಥಾನದ ಸರ್ಕಾರ ನಿರ್ಬಂಧ ಹೇರಿದಾಗ, ದೊರೆಸ್ವಾಮಿಯವರು ಪತ್ರಿಕೆಯನ್ನು ಹಿಂದೂಪುರಕ್ಕೆ ಸ್ಥಳಾಂತರಿಸಿದರು. ಗಡಿಗೆ ಹತ್ತಿರದಲ್ಲಿದ್ದರೂ ಆ ಪಟ್ಟಣ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದರಿಂದ ಅಲ್ಲಿ ಮೈಸೂರಿನ ಆಜ್ಞೆ ನಡೆಯುವಂತಿರಲಿಲ್ಲ. ಹಿಂದೆ ಸರ್ಕಾರದ ಓಲೆಗಳನ್ನು ತಡೆದಿದ್ದವರು ಈಗ ಸರ್ಕಾರ ತಡೆದ ಸುದ್ದಿಯನ್ನು ಜನರಿಗೆ ತಲುಪಿಸುವ ಹೊಣೆ ಹೊತ್ತರು. ಅಕ್ಟೋಬರ್‌ನಲ್ಲಿ ಒಪ್ಪಂದವಾಗಿ, ಕೆ. ಸಿ. ರೆಡ್ಡಿಯವರ ನೇತೃತ್ವದ ಸರ್ಕಾರ ಅಧಿಕಾರ ವಹಿಸಿಕೊಂಡಿತು.

ನಂತರದ ಜೀವನ

ಸ್ವಾತಂತ್ರ್ಯಾನಂತರ ದೊರೆಸ್ವಾಮಿಯವರು ವಿನೋಬಾ ಭಾವೆಯವರ ಭೂದಾನ ಚಳವಳಿಯಲ್ಲಿ ತೊಡಗಿದರು. ತುರ್ತು ಪರಿಸ್ಥಿತಿಯಲ್ಲಿ ಇಂದಿರಾ ಗಾಂಧಿಯವರ ಆಡಳಿತವನ್ನು ಸರ್ವಾಧಿಕಾರವೆಂದು ಟೀಕಿಸಿ ಅವರಿಗೇ ಪತ್ರ ಬರೆದು, ಮತ್ತೆ ನಾಲ್ಕು ತಿಂಗಳು ಸೆರೆಮನೆಯಲ್ಲಿದ್ದರು. ಸರ್ಕಾರಿ ಭೂಮಿಯ ಒತ್ತುವರಿಯ ವಿರುದ್ಧ 2014ರಲ್ಲಿ ಬೆಂಗಳೂರಿನಲ್ಲಿ ನಡೆದ 39 ದಿನಗಳ ಧರಣಿಯಲ್ಲಿ ಭಾಗವಹಿಸಿದಾಗ ಅವರ ವಯಸ್ಸು 96.

2021ರ ಮೇ ತಿಂಗಳಿನಲ್ಲಿ ಕೋವಿಡ್‌ನಿಂದ ಚೇತರಿಸಿಕೊಂಡ ಬಳಿಕ, ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 103 ವರ್ಷ ವಯಸ್ಸಾಗಿತ್ತು.